ದೇಮ, ಲೂಕ, ಮಾರ್ಕ: ವಿಶ್ವಾಸದಲ್ಲಿ ಉಳಿಯುವವರ ಕಥೆ

(ಉಪನ್ಯಾಸದ ಬರಹ ರೂಪ)

ಪೌಲನು ಫಿಲೆಮೋನನಿಗೆ ಬರೆದ ಪತ್ರ ತೀರಾ ಚಿಕ್ಕದು. ಒಂದೇ ಅಧ್ಯಾಯ, ಇಪ್ಪತ್ತೈದು ವಚನ. ಅದರ ಕೊನೆಯ ವಂದನೆಗಳ ಮೇಲೆ ಯಾರೂ ಪ್ರಸಂಗ ಮಾಡುವುದಿಲ್ಲ. ಓದುವಾಗಲೂ ಕಣ್ಣು ಆ ಹೆಸರುಗಳ ಮೇಲೆ ಹಾಗೇ ಜಾರಿಕೊಂಡು ಹೋಗುತ್ತದೆ. ಇವತ್ತು ಅಲ್ಲಿಂದಲೇ ಶುರುಮಾಡೋಣ. 24ನೆಯ ವಚನದಲ್ಲಿ ನಾಲ್ಕು ಹೆಸರುಗಳಿವೆ: ಮಾರ್ಕ, ಅರಿಸ್ತಾರ್ಕ, ದೇಮ, ಲೂಕ. ನಾಲ್ವರನ್ನೂ ಪೌಲ ಒಂದೇ ಮಾತಿನಲ್ಲಿ ತನ್ನ ಜೊತೆಕೆಲಸದವರು ಎನ್ನುತ್ತಾನೆ. ಒಬ್ಬನಿಗೆ ಗುಲಗಂಜಿ ಹೆಚ್ಚಿಲ್ಲ, ಇನ್ನೊಬ್ಬನಿಗೆ ಗುಲಗಂಜಿ ಕಡಿಮೆಯಿಲ್ಲ.

ಈಗ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯಕ್ಕೆ ಬನ್ನಿ. (ಇದನ್ನು ಪೌಲನೇ ಬರೆದನೋ, ಅವನ ನಂತರ ಶಿಷ್ಯರು ಬರೆದರೋ ಎಂಬ ಚರ್ಚೆ ಪಂಡಿತರಲ್ಲಿದೆ. ಸಭೆಯ ಪರಂಪರೆ ಇದನ್ನು ಅವನ ಕೊನೆಯ ಪತ್ರ ಎಂದೇ ಓದಿಕೊಂಡು ಬಂದಿದೆ. ನಾನೂ ಹಾಗೆಯೇ ಓದುತ್ತೇನೆ.) ಪೌಲ ಸೆರೆಯಲ್ಲಿದ್ದಾನೆ. ಸಾವು ಹತ್ತಿರ ಬಂತು ಅಂತ ಅವನಿಗೆ ಗೊತ್ತು. 10 ಮತ್ತು 11ನೆಯ ವಚನಗಳಲ್ಲಿ ಆ ನಾಲ್ಕು ಹೆಸರುಗಳ ಪೈಕಿ ಮೂರು ಮತ್ತೆ ಬರುತ್ತವೆ. ದೇಮ ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೊನೀಕಕ್ಕೆ ಹೋದ. ಲೂಕನೊಬ್ಬನೇ ನನ್ನ ಜೊತೆ ಇದ್ದಾನೆ. ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಬೇಕು.

ಒಬ್ಬ ಹೋದ, ಒಬ್ಬ ಇದ್ದಾನೆ, ಒಬ್ಬನಿಗೆ ಕರೆ ಹೋಗಿದೆ.

ವಿಶ್ವಾಸದಲ್ಲಿ ಕೊನೆಯ ತನಕ ಉಳಿಯುವುದು ಅಂದಕೂಡಲೇ ನಮ್ಮ ಮನಸ್ಸಿಗೆ ಬರುವವನು ಲೂಕ. ಎಲ್ಲರೂ ಹೋದರೂ ಹೋಗದವನು. ಅಂಥವರು ಪ್ರತಿ ಸಭೆಯಲ್ಲೂ ಒಬ್ಬಿಬ್ಬರು ಇರುತ್ತಾರೆ, ದೇವರಿಗೆ ಸ್ತೋತ್ರ. ಆದರೆ ನಮ್ಮಲ್ಲಿ ಹೆಚ್ಚಿನವರ ಕಥೆ ಲೂಕನದಲ್ಲ, ಮಾರ್ಕನದು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು: ಸತ್ಯವೇದ ತಾಳ್ಮೆ ಅಂತ ಹೇಳುವಾಗ ಎಂದೂ ಮುಗ್ಗರಿಸದ ಗಟ್ಟಿಗರನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಹೋಗಿ ತಿರುಗಿ ಬಂದವರೂ ಅವರನ್ನು ಒಳಗೆ ಸೇರಿಸಿಕೊಂಡವರೂ ಅದರಲ್ಲಿ ಸೇರಿದ್ದಾರೆ.

ಮಾರ್ಕನ ಕಥೆಯನ್ನು ಹೆಕ್ಕಿ ತೆಗೆಯಬೇಕು, ಏಕೆಂದರೆ ಅದು ಒಂದು ಕಡೆ ಇಲ್ಲ. ಅಪೊಸ್ತಲರ ಕೃತ್ಯಗಳು 13ರಲ್ಲಿ ಬಾರ್ನಬ ಮತ್ತು ಪೌಲ ಮೊದಲ ಸುವಾರ್ತಾ ಪ್ರಯಾಣಕ್ಕೆ ಹೊರಡುತ್ತಾರೆ. ಸಹಾಯಕನಾಗಿ ಯೋಹಾನನೆನಿಸಿಕೊಂಡ ಮಾರ್ಕ ಇದ್ದಾನೆ. ಕುಪ್ರ ದ್ವೀಪ ದಾಟಿ ಪಂಫುಲ್ಯದ ಪೆರ್ಗೆಗೆ ಬಂದರು. ಅಲ್ಲಿ ಒಂದೇ ವಾಕ್ಯ: ಯೋಹಾನನು ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಕಾರಣ ಹೇಳಿಲ್ಲ. ಮುಂದಿನ ಬೆಟ್ಟದ ದಾರಿಗೆ ಹೆದರಿದನೇ, ಮನೆಯ ನೆನಪಾಯಿತೇ, ಮುಂದಾಳತ್ವ ತನ್ನ ಬಂಧುವಾದ ಬಾರ್ನಬನಿಂದ ಪೌಲನ ಕಡೆಗೆ ಜಾರುತ್ತಿದ್ದದ್ದು ಹಿಡಿಸಲಿಲ್ಲವೇ? ವ್ಯಾಖ್ಯಾನಕಾರರು ಎಲ್ಲವನ್ನೂ ಊಹಿಸಿದ್ದಾರೆ. ಕೃತ್ಯಗಳ ಪುಸ್ತಕ ಬರೆದ ಲೂಕ ಕಾರಣ ಬರೆಯಲಿಲ್ಲ, ಅಷ್ಟೇ. ಬಿಟ್ಟುಹೋಗುವವರ ವಿಷಯದಲ್ಲಿ ನಾವು ಈ ಮೌನವನ್ನು ಕಲಿತರೆ ಚೆನ್ನ. ಯಾರಾದರೂ ಆರಾಧನೆಗೆ ಬರುವುದು ನಿಲ್ಲಿಸಿದರೆ ಮುಂದಿನ ವಾರದೊಳಗೆ ನಮ್ಮ ಬಾಯಲ್ಲಿ ನಾಲ್ಕು ಕಾರಣ ಸಿದ್ಧವಾಗಿರುತ್ತವೆ.

15ನೆಯ ಅಧ್ಯಾಯದಲ್ಲಿ ಎರಡನೆಯ ಪ್ರಯಾಣದ ಮಾತು ಬರುತ್ತದೆ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಹೋಗೋಣ ಅಂದ. ಪೌಲ ಸುತಾರಾಂ ಒಪ್ಪಲಿಲ್ಲ. ಪಂಫುಲ್ಯದಲ್ಲಿ ಕೈಕೊಟ್ಟವನನ್ನು ಮತ್ತೆ ಕರೆದುಕೊಂಡು ಹೋಗುವುದು ತರವಲ್ಲ ಅಂದ. ತೀಕ್ಷ್ಣವಾದ ವಾಗ್ವಾದ ಆಗಿ ಇಬ್ಬರೂ ಬೇರೆಯಾದರು. ಪೌಲನ ಪಕ್ಷದಲ್ಲೂ ನ್ಯಾಯವಿತ್ತು ಅನ್ನಲೇಬೇಕು. ಲುಸ್ತ್ರದಲ್ಲಿ ಜನ ಕಲ್ಲೆಸೆದು, ಸತ್ತನೆಂದು ಎಳೆದು ಬಿಸಾಡಿದ್ದು ಅವನನ್ನು. ಮತ್ತೆ ಅಂಥ ಕಡೆಗೆ ಹೋಗುವವನಿಗೆ ಜೊತೆಗಾರನ ಬಗ್ಗೆ ಭರವಸೆ ಬೇಕಾಗುತ್ತದೆ. ಆದರೆ ಬಾರ್ನಬ ಮಾಡಿದ್ದನ್ನು ನೋಡಿ. ಆಗಿನ್ನೂ ಸೌಲನೆನಿಸಿಕೊಂಡಿದ್ದ ಪೌಲನು ದಮಸ್ಕದಿಂದ ಯೆರೂಸಲೇಮಿಗೆ ಬಂದಾಗ ಯಾರೂ ಅವನನ್ನು ನಂಬಿರಲಿಲ್ಲ. ಆಗ ಕೈಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಇದೇ ಬಾರ್ನಬ. ಹಿಂದೆ ಪೌಲನಿಗೆ ಮಾಡಿದ್ದನ್ನೇ ಈಗ ಮಾರ್ಕನಿಗೆ ಮಾಡಿದ. ಅವನನ್ನು ಕರೆದುಕೊಂಡು ಹಡಗು ಹತ್ತಿ ಕುಪ್ರಕ್ಕೆ ಹೋದ. ಅಲ್ಲಿಗೆ ಕೃತ್ಯಗಳ ಪುಸ್ತಕದಲ್ಲಿ ಬಾರ್ನಬನ ಕಥೆ ಮುಗಿಯುತ್ತದೆ. ಅವನ ಹೆಸರು ಆ ಪುಸ್ತಕದಲ್ಲಿ ಮತ್ತೆ ಇಲ್ಲ.

ಪೆರ್ಗೆಯಿಂದ ಹಿಂದಿರುಗಿದ ದಿನಕ್ಕೂ ಪೌಲನ ಕೊನೆಯ ಪತ್ರಕ್ಕೂ ನಡುವೆ, ಸಾಂಪ್ರದಾಯಿಕ ಲೆಕ್ಕದಲ್ಲಿ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಆ ವರ್ಷಗಳಲ್ಲಿ ಮಾರ್ಕ ಹೇಗೆ ಬೆಳೆದ ಎಂಬುದರ ವಿವರ ಒಂದೂ ಇಲ್ಲ. ಕೊಲೊಸ್ಸೆಯವರಿಗೆ ಬರೆಯುವಾಗ ಪೌಲ, ಮಾರ್ಕ ನಿಮ್ಮಲ್ಲಿಗೆ ಬಂದರೆ ಸೇರಿಸಿಕೊಳ್ಳಿ ಅನ್ನುತ್ತಾನೆ. ಆ ಹೊತ್ತಿಗೆ ಏನೋ ಸರಿಹೋಗಿದೆ. ಪೇತ್ರನ ಮೊದಲ ಪತ್ರದ ಕೊನೆಯಲ್ಲಿ ನನ್ನ ಮಗನಾದ ಮಾರ್ಕ ಎಂಬ ಮಾತು ಬರುತ್ತದೆ. ನಾನು ನಿಂತು ಯೋಚಿಸುವುದು ಇಲ್ಲಿ. ಪ್ರಯಾಣದ ನಡುವೆ ಬಿಟ್ಟುಬಂದ ಹುಡುಗ ಕೊನೆಗೆ ಯಾರ ಮಗನಾದ? ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ, ಆ ಮನುಷ್ಯನನ್ನು ನಾನರಿಯೆ ಅಂದವನ ಮಗನಾದ.

ಆ ಪೇತ್ರನಿಗೆ ಯೇಸು ಹೇಳಿದ ಮಾತು ಲೂಕ 22ರಲ್ಲಿದೆ. ಸೀಮೋನನೇ, ಸೈತಾನನು ನಿಮ್ಮನ್ನು ಗೋದಿಯಂತೆ ಒನೆಯಬೇಕೆಂದು ಕೇಳಿಕೊಂಡಿದ್ದಾನೆ. ಆದರೆ ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಾನು ನಿನಗೋಸ್ಕರ ಬೇಡಿಕೊಂಡಿದ್ದೇನೆ. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು. ಇಲ್ಲಿ ನೀನು ಬೀಳದಿದ್ದರೆ ಎಂಬ ಷರತ್ತೇ ಇಲ್ಲ. ಬೀಳುವುದನ್ನೂ ತಿರುಗಿಕೊಳ್ಳುವುದನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡೇ ಕೆಲಸ ವಹಿಸಿದ್ದಾನೆ. ಪೇತ್ರ ಆ ರಾತ್ರಿ ಉಳಿದದ್ದು ತನ್ನ ಹಟದಿಂದಲ್ಲ. ಹಟ ಅವನಿಗೆ ಬೇಕಾದಷ್ಟಿತ್ತು, ಸೆರೆಮನೆಗೂ ಮರಣಕ್ಕೂ ಸಿದ್ಧ ಅಂದಿದ್ದ. ಕೋಳಿ ಕೂಗುವ ತನಕವೂ ಅದು ಬಾಳಲಿಲ್ಲ. ಉಳಿಸಿದ್ದು ಅವನಿಗೆ ಗೊತ್ತಾಗುವ ಮೊದಲೇ ಅವನಿಗಾಗಿ ಆಗಿಹೋಗಿದ್ದ ಪ್ರಾರ್ಥನೆ.

ಎರಡನೆಯ ಸುವಾರ್ತೆಯನ್ನು ಬರೆದವನು ಈ ಮಾರ್ಕನೇ, ಪೇತ್ರನಿಂದ ಕೇಳಿದ್ದನ್ನು ಬರೆದನು ಎಂಬುದು ಎರಡನೆಯ ಶತಮಾನದಿಂದ ಬಂದ ಸಂಪ್ರದಾಯ. ಅದನ್ನು ಒಪ್ಪಿಕೊಂಡು ಆ ಸುವಾರ್ತೆಯನ್ನು ಓದಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಖಾಲಿ ಸಮಾಧಿಯ ಬಳಿ ಬಿಳೀ ನಿಲುವಂಗಿಯ ಯುವಕ ಹೆಂಗಸರಿಗೆ, ಹೋಗಿ ಆತನ ಶಿಷ್ಯರಿಗೂ ಪೇತ್ರನಿಗೂ ಹೇಳಿರಿ ಅನ್ನುತ್ತಾನೆ. ‘ಪೇತ್ರನಿಗೂ’ ಎಂಬುದು ನಾಲ್ಕು ಸುವಾರ್ತೆಗಳಲ್ಲಿ ಇಲ್ಲಿ ಮಾತ್ರ ಇದೆ. ತಾನು ಇನ್ನೂ ಶಿಷ್ಯರ ಲೆಕ್ಕದಲ್ಲಿದ್ದೇನೋ ಇಲ್ಲವೋ ಎಂಬ ಅನುಮಾನದಲ್ಲಿ ಇದ್ದಿರಬಹುದಾದವನನ್ನು ಹೆಸರು ಹಿಡಿದು ಕರೆದದ್ದು ಅದು. ಇನ್ನೊಂದು, ನಾಲ್ಕನೆಯ ಅಧ್ಯಾಯದ ಸಾಮ್ಯ. ಒಬ್ಬನು ಬೀಜ ಬಿತ್ತಿ, ರಾತ್ರಿ ಮಲಗುತ್ತಾ ಹಗಲು ಏಳುತ್ತಾ ಇರುವಾಗ, ಅದು ಅವನಿಗೆ ತಿಳಿಯದ ರೀತಿಯಲ್ಲಿ ಮೊಳೆತು ಬೆಳೆಯುತ್ತದೆ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ತುಂಬಿದ ಕಾಳು. ಈ ಸಾಮ್ಯವೂ ಮಾರ್ಕನಲ್ಲಿ ಮಾತ್ರ ಸಿಗುತ್ತದೆ. ಕಣ್ಣಿಗೆ ಬೀಳದೆ ಬೆಳೆದವನ ಕೈಯಿಂದಲೇ ಅದು ನಮಗೆ ಉಳಿದು ಬಂದದ್ದು ಕಾಕತಾಳೀಯವೇ ಇರಬಹುದು. ನನಗಂತೂ ಅದನ್ನು ಓದಿದಾಗಲೆಲ್ಲ ಖುಷಿಯಾಗುತ್ತದೆ.

ಇನ್ನು ದೇಮ. ಅವನ ಮೇಲೆ ಪ್ರಸಂಗಗಳಲ್ಲಿ ಬಹಳ ಕಲ್ಲು ಬಿದ್ದಿದೆ, ನಾನು ಇನ್ನೊಂದು ಎಸೆಯುವುದಿಲ್ಲ. ಅವನ ಬಗ್ಗೆ ನಮಗೆ ಸಿಕ್ಕಿರುವುದು ಎಲ್ಲ ಸೇರಿ ಮೂರು ವಚನ. ಆದರೆ ಆ ಒಂದು ಕಾರಣವನ್ನು ಗಮನಿಸಬೇಕು. ಹಿಂಸೆಗೆ ಹೆದರಿ ಹೋದ ಅಂತ ಪೌಲ ಬರೆದಿಲ್ಲ, ತಪ್ಪು ಬೋಧನೆಗೆ ಮರುಳಾದ ಅಂತಲೂ ಇಲ್ಲ. ಇಹಲೋಕವನ್ನು ಪ್ರೀತಿಸಿದ ಅಂತ ಇದೆ. ಬಿತ್ತುವವನ ಸಾಮ್ಯದಲ್ಲಿ ಬಂಡೆಯ ನೆಲದ ಪೈರು ಬಿಸಿಲಿಗೆ ಬೇಗ ಒಣಗುತ್ತದೆ. ಅದು ಎಲ್ಲರಿಗೂ ಕಾಣುತ್ತದೆ, ನಾಲ್ಕು ಜನ ಓಡಿಬರುತ್ತಾರೆ. ಮುಳ್ಳಿನ ನಡುವೆ ಬಿದ್ದದ್ದು ಹಾಗೆ ಒಣಗುವುದಿಲ್ಲ. ಪೈರು ನಿಂತೇ ಇರುತ್ತದೆ, ಹಸಿರಾಗಿಯೂ ಇರುತ್ತದೆ, ಫಲ ಮಾತ್ರ ಕೊಡುವುದಿಲ್ಲ. ಪ್ರಪಂಚದ ಚಿಂತೆ, ಐಶ್ವರ್ಯದ ಮೋಸ, ಇತರ ಆಸೆಗಳು ಎಂದು ಯೇಸು ಆ ಮುಳ್ಳುಗಳನ್ನು ಹೆಸರಿಸಿದ್ದಾನೆ. ಇಂದು ವಿಶ್ವಾಸ ಬಿಟ್ಟವರಲ್ಲಿ ಹೆಚ್ಚಿನವರು ಬಾಗಿಲು ದಡಾರನೆ ಹಾಕಿಕೊಂಡು ಹೋದವರಲ್ಲ. ಇಬ್ರಿಯರಿಗೆ ಬರೆದ ಪತ್ರ ಎಚ್ಚರಿಸುವಂತೆ, ತೇಲಿಹೋದವರು. ಸಂಬಳ ಏರಿತು, ಕೆಲಸ ಏರಿತು, ಭಾನುವಾರ ದಣಿವಾರಿಸಿಕೊಳ್ಳುವ ದಿನವಾಯಿತು, ಪ್ರಾರ್ಥನೆ ಊಟದ ಮುಂಚಿನ ಎರಡು ಸಾಲಿಗೆ ಇಳಿಯಿತು. ಯಾವ ದಿನ ಬಿಟ್ಟೆ ಅಂತ ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಸ್ಥಿತಿ ಇದೆ. ಲೋಕದ ಮೇಲೆ ಆಸೆಯೂ ಇಲ್ಲ, ದೇವರ ಕಡೆಗೆ ಹುರುಪೂ ಇಲ್ಲ, ಎಲ್ಲವೂ ಸಪ್ಪೆ. ಇದನ್ನು ಅತ್ಯಂತ ಚೆನ್ನಾಗಿ ವರ್ಣಿಸಿದವನು ನಾಲ್ಕನೆಯ ಶತಮಾನದ ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ್ದ ಸಭಾಸೇವಕ, ಎಲ್ಲ ಬಿಟ್ಟು ಈಜಿಪ್ಟಿನ ಮರುಭೂಮಿಗೆ ಹೋಗಿ ಸನ್ಯಾಸಿಗಳ ನಡುವೆ ಬದುಕಿ 399ರಲ್ಲಿ ತೀರಿಕೊಂಡ. 91ನೆಯ ಕೀರ್ತನೆಯಲ್ಲಿ ನಡುಹಗಲಿನಲ್ಲಿ ಹಾಳುಮಾಡುವ ಕೇಡಿನ ಮಾತು ಬರುತ್ತದಲ್ಲ, ಅದನ್ನು ಹಿಡಿದು ಅವನು ಈ ಬೇಸರಕ್ಕೆ ಮಧ್ಯಾಹ್ನದ ದೆವ್ವ ಅಂದ. ಬೆಳಿಗ್ಗೆ ಹತ್ತರ ಸುಮಾರಿಗೆ ಅದು ಸನ್ಯಾಸಿಯ ಮೇಲೆ ಬೀಳುತ್ತದಂತೆ. ಸೂರ್ಯ ನಿಂತಲ್ಲೇ ನಿಂತಂತೆ ಕಾಣುತ್ತಾನೆ, ಹಗಲಿಗೆ ಐವತ್ತು ಗಂಟೆ ಇದ್ದಂತೆ ಅನ್ನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಅಂತ ಸೂರ್ಯನನ್ನು ದಿಟ್ಟಿಸುತ್ತಾನೆ, ಯಾರಾದರೂ ಬರುತ್ತಿದ್ದಾರೇನೋ ಅಂತ ಆಚೀಚೆ ನೋಡುತ್ತಾನೆ. ಆಮೇಲೆ ಇರುವ ಜಾಗದ ಮೇಲೆ ಅಸಹ್ಯ, ಮಾಡುವ ಕೆಲಸದ ಮೇಲೆ ಅಸಹ್ಯ. ಈ ಸಹೋದರರಲ್ಲಿ ಪ್ರೀತಿಯೇ ಇಲ್ಲ, ನನ್ನನ್ನು ಸಂತೈಸುವವರು ಒಬ್ಬರೂ ಇಲ್ಲ ಎಂಬ ಯೋಚನೆ. ಬೇರೆ ಜಾಗಕ್ಕೆ ಹೋದರೆ ಎಲ್ಲ ಸರಿಹೋಗುತ್ತದೆ, ದೇವರನ್ನು ಎಲ್ಲಿದ್ದರೂ ಆರಾಧಿಸಬಹುದಲ್ಲ ಎಂಬ ತರ್ಕ. ಹದಿನಾರು ಶತಮಾನಗಳ ಹಿಂದಿನ ಮಾತು ಇದು. ಕಿಟಕಿಯ ಜಾಗದಲ್ಲಿ ಮೊಬೈಲ್ ಇಟ್ಟು ಓದಿಕೊಳ್ಳಿ.

ಅವನು ಕೊಟ್ಟ ಮದ್ದು ನೀರಸವಾದದ್ದು: ಇದ್ದಲ್ಲೇ ಇರು. ಗುಡಿಸಲು ಬಿಟ್ಟು ಓಡಬೇಡ, ಅವತ್ತಿನ ಕೆಲಸವನ್ನು ಅವತ್ತು ಮಾಡು, ಕೀರ್ತನೆ ಹೇಳು. ಹೊಸ ದರ್ಶನಕ್ಕೆ ಕಾಯಿ ಅಂತ ಎಲ್ಲೂ ಹೇಳುವುದಿಲ್ಲ. ನಮ್ಮಲ್ಲಿ ಇಂಥ ಹೊತ್ತಿಗೆ ಇನ್ನೊಂದು ಉಜ್ಜೀವನ ಕೂಟಕ್ಕೆ, ಇನ್ನೊಬ್ಬ ಪ್ರಸಂಗಿಯ ಹತ್ತಿರ ಓಡುವ ರೂಢಿಯಿದೆ. ಕೂಟಗಳು ಬೇಡ ಅನ್ನುತ್ತಿಲ್ಲ. ಆದರೆ ಬೇಸರ ಬಂದಾಗಲೆಲ್ಲ ಜಾಗ ಬದಲಾಯಿಸುವವನ ಬೇರು ಎಲ್ಲೂ ಇಳಿಯುವುದಿಲ್ಲ.

ಇದ್ದಲ್ಲೇ ಇರು ಎಂಬುದಕ್ಕೆ ಒಂದು ಗಡಿ ಇದೆ, ಅದನ್ನು ಇಲ್ಲೇ ಹೇಳಿಬಿಡಬೇಕು. ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಗಳಿಗೆ, ಸಹಿಸಿಕೋ, ಅದು ನಿನ್ನ ಶಿಲುಬೆ ಅಂತ ಹೇಳಿ ಕಳಿಸುವ ಪಾಲನೆ ಪಾಲನೆಯಲ್ಲ. ತಾಳ್ಮೆಯ ವಚನಗಳನ್ನು ಅನ್ಯಾಯ ಮಾಡುವವನ ಕಾವಲಿಗೆ ನಿಲ್ಲಿಸಬಾರದು. ಪೌಲನನ್ನೇ ನೋಡಿ. ದಮಸ್ಕದಲ್ಲಿ ಕೊಲ್ಲಲು ಕಾದಿದ್ದಾಗ ರಾತ್ರಿ ಹೆಡಿಗೆಯಲ್ಲಿ ಕೂತು ಗೋಡೆಯಿಂದ ಇಳಿದು ತಪ್ಪಿಸಿಕೊಂಡ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ, ಮರುದಿನ ಗುಟ್ಟಾಗಿ ಹೋಗು ಅಂದಾಗ, ಆಗದು, ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಅಂದ. ಕೊನೆಗೆ ಕೈಸರನಿಗೇ ಮೇಲ್ಮನವಿ ಹಾಕಿದ. ಇವನಿಗಿಂತ ತಾಳ್ಮೆಯವರು ಯಾರು? ಯೋಬನ ತಾಳ್ಮೆಯನ್ನು ಯಾಕೋಬನ ಪತ್ರ ಹೊಗಳುತ್ತದೆ. ಆದರೆ ಯೋಬನ ಗ್ರಂಥ ತೆರೆದರೆ ಮೂರನೆಯ ಅಧ್ಯಾಯದಿಂದ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರ ಮೇಲೆ ದಾವೆ ಹೂಡುವವನಂತೆ ಮಾತಾಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಅವನಿಗೆ ಉಪದೇಶ ಮಾಡಿದ ಸ್ನೇಹಿತರ ಮೇಲೆ. ದೇವರ ಎದುರಿಗೆ ಕೂಗಾಡುವವನು ಇನ್ನೂ ದೇವರ ಎದುರಿಗೇ ಇದ್ದಾನೆ ಎಂಬುದನ್ನು ಆ ಸ್ನೇಹಿತರು ಕಾಣಲಿಲ್ಲ.

ಮಹಾಪುರುಷರ ಕಥೆಗಳ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ. ಅವನ ಸೇವೆಯ ಮೊದಲ ಫಲವಾದ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್‌ನಲ್ಲಿ. ಏಳು ವರ್ಷ ಕಾದ. 1812ರಲ್ಲಿ ಶ್ರೀರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಹಸ್ತಪ್ರತಿಗಳು ಸುಟ್ಟುಹೋದಾಗ ಮತ್ತೆ ಬರೆಯಲು ಕೂತ. ಇದನ್ನೆಲ್ಲ ನಾವು ಹುರುಪಿನಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಅವನ ಹೆಂಡತಿ ಡೊರೊಥಿಗೆ ಹೊರಡಲು ಮನಸ್ಸಿರಲಿಲ್ಲ. ಬಂದ ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಕೆಯ ಮನಸ್ಸು ಕದಡಿತು, ಮತ್ತೆ ಸರಿಹೋಗಲೇ ಇಲ್ಲ. 1807ರಲ್ಲಿ ಸಾಯುವ ತನಕ ಹಾಗೆಯೇ ಇದ್ದಳು. ಗಂಡ ಒಂದು ಕೋಣೆಯಲ್ಲಿ ಭಾಷಾಂತರ ಮಾಡುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಆಕೆಯನ್ನು ಇಟ್ಟಿರುತ್ತಿದ್ದರು. ಪ್ರಸಂಗಗಳಲ್ಲಿ ಈ ಕೋಣೆಯ ಮಾತೇ ಬರುವುದಿಲ್ಲ. ಕೇರಿಯನ್ನು ಸಣ್ಣವನನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಒಬ್ಬರ ಛಲದ ಬೆಲೆಯನ್ನು ಇನ್ನೊಬ್ಬರು ತೆರುತ್ತಿದ್ದಾರೆಯೇ ಎಂದು ನೋಡದೆ ಛಲವನ್ನು ಆತ್ಮಿಕತೆ ಅನ್ನಬಾರದು, ಅಷ್ಟೇ.

ಹಾಗಾದರೆ ನಾನು ಬೆಳೆಯುತ್ತಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಪ್ರಾರ್ಥನೆಯಲ್ಲಿ ಏನೂ ಅನ್ನಿಸುತ್ತಿಲ್ಲ, ಮೊದಲಿನ ಕಣ್ಣೀರು ಇಲ್ಲ, ಹಾಗಾದರೆ ಹಿಂದೆ ಬಿದ್ದೆನೇ ಅಂತ ಬಹಳ ಜನ ಕೊರಗುತ್ತಾರೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡ ಹತ್ತು ವರ್ಷಗಳ ನಂತರ, 2007ರಲ್ಲಿ, ಅವರು ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಬರೆದ ಪತ್ರಗಳು ಪ್ರಕಟವಾದವು. ನಡುವೆ ಸ್ವಲ್ಪ ಕಾಲ ಬಿಟ್ಟರೆ ಸುಮಾರು ಐದು ದಶಕ ಅವರಿಗೆ ಒಳಗೆ ಕತ್ತಲೆಯೇ ಇತ್ತು, ದೇವರ ಸನ್ನಿಧಿಯ ಅನುಭವವೇ ಇರಲಿಲ್ಲ ಎಂದು ಆಗ ಲೋಕಕ್ಕೆ ತಿಳಿಯಿತು. ಕೆಲವರು ಅದನ್ನು ಸೋಗು ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಅನುಭವ ಒಣಗಿದ ಮೇಲೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತು, ಆಮೇಲೆ ಸಾಯುತ್ತಿರುವವನ ಹುಣ್ಣು ತೊಳೆದವರಿಗೆ ಸೋಗು ಅಷ್ಟು ದೀರ್ಘಕಾಲ ಸಾಧ್ಯವಿಲ್ಲ.

ಗಲಾತ್ಯದವರಿಗೆ ಬರೆಯುವಾಗ ಪೌಲ ಪವಿತ್ರಾತ್ಮನ ಫಲವನ್ನು ಹೆಸರಿಸುತ್ತಾನೆ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ ಮುಂತಾಗಿ. ಇವುಗಳಲ್ಲಿ ಬಹುಪಾಲು ಒಬ್ಬನೇ ಕೋಣೆಯಲ್ಲಿ ಕೂತು ಅಳೆದುಕೊಳ್ಳುವಂಥವಲ್ಲ. ಇನ್ನೊಬ್ಬ ಮನುಷ್ಯ ಎದುರಿಗೆ ಇದ್ದಾಗಲೇ ಕಾಣುವಂಥವು. ದಿನಾ ಎತ್ತಿ ಆಡಿಸುವ ತಾಯಿಗೆ ಮಗು ಬೆಳೆದದ್ದು ಕಾಣುವುದಿಲ್ಲ, ವರ್ಷಕ್ಕೊಮ್ಮೆ ಬರುವ ನೆಂಟರಿಗೆ ಕಾಣುತ್ತದೆ. ಹಾಗೆ ನಿಮ್ಮ ಬೆಳವಣಿಗೆಯನ್ನು ನಿಮ್ಮ ಜೊತೆ ಇರುವವರನ್ನು ಕೇಳಬೇಕು. ಮೊದಲಾದರೆ ಮೂರು ದಿನ ಮಾತು ಬಿಡುತ್ತಿದ್ದೆ, ಈಗ ಸಂಜೆಯೊಳಗೆ ಬಂದು ಕ್ಷಮೆ ಕೇಳುತ್ತೀಯ ಅಂತ ನಿಮ್ಮ ಮನೆಯವರು ಹೇಳಿದರೆ ಅದನ್ನು ನಂಬಿ. ಪ್ರಾರ್ಥನೆಯಲ್ಲಿ ಮೈ ಜುಮ್ಮೆನ್ನದಿದ್ದರೆ ಪರವಾಗಿಲ್ಲ.

ರಕ್ಷಣೆ ಹೊಂದಿದವನು ಬಿದ್ದುಹೋಗಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತೀರಿ. 1618-19ರಲ್ಲಿ ನೆದರ್ಲೆಂಡ್ಸಿನಲ್ಲಿ ಸೇರಿದ ಡಾರ್ಟ್ ಸಭಾಸಮ್ಮೇಳನ ಇಲ್ಲ ಅಂದಿತು, ದೇವರು ಆರಿಸಿಕೊಂಡವರನ್ನು ಆತನೇ ಕಾಪಾಡುತ್ತಾನೆ ಅಂದಿತು. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಒಪ್ಪಲಿಲ್ಲ. ನನ್ನ ಕುರಿಗಳನ್ನು ನನ್ನ ಕೈಯಿಂದ ಯಾರೂ ಕಸಿದುಕೊಳ್ಳರು ಎಂಬ ಯೋಹಾನ 10 ಒಂದು ಕಡೆ, ಇಬ್ರಿಯ 6ರ ಕಠಿಣ ಎಚ್ಚರಿಕೆ ಇನ್ನೊಂದು ಕಡೆ. ಇವತ್ತು ಸಂಜೆ ನಾನು ಅದನ್ನು ಬಗೆಹರಿಸಲು ಹೋಗುವುದಿಲ್ಲ. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ, ಏಕೆಂದರೆ ನಿಮ್ಮಲ್ಲಿ ಕೆಲಸ ಮಾಡುವವನು ದೇವರು. ನಾಳೆ ಬೆಳಿಗ್ಗೆ ಏಳಲು ನನಗೆ ಅಷ್ಟು ಸಾಕು.

ಅದೇ ಪೌಲ, ಒಳ್ಳೇ ಹೋರಾಟವನ್ನು ಮಾಡಿದ್ದೇನೆ, ಓಟವನ್ನು ಕಡೆಗಾಣಿಸಿದ್ದೇನೆ ಅಂದ ಅಧ್ಯಾಯದಲ್ಲೇ ಆರೇಳು ವಚನಗಳ ಕೆಳಗೆ ಏನು ಬರೆಯುತ್ತಾನೆ? ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟುಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ, ಪುಸ್ತಕಗಳನ್ನು ತಾ, ಮುಖ್ಯವಾಗಿ ಆ ಚರ್ಮದ ಕಾಗದಗಳನ್ನು. ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಮಾಡು. ಓಟ ಮುಗಿಸಿದ ಅಪೊಸ್ತಲನಿಗೆ ಚಳಿಯಾಗುತ್ತದೆ, ಓದಲು ಏನಾದರೂ ಬೇಕು, ಮಾತಾಡಲು ಮನುಷ್ಯರು ಬೇಕು. ಜಾಲೀಗಿಡದ ಕೆಳಗೆ ಕೂತು ಸಾವನ್ನು ಬೇಡಿದ ಎಲೀಯನಿಗೂ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಪ್ರಶ್ನೆ ಬಂದದ್ದು ಆಮೇಲೆ, ಹೋರೇಬಿನಲ್ಲಿ. ಆತ್ಮಿಕ ಬಳಲಿಕೆ ಅಂತ ಬರುವವರನ್ನು ನಾವು ಮೊದಲು ಕೇಳಬೇಕಾದ್ದು, ನಿದ್ದೆ ಆಗುತ್ತಿದೆಯಾ, ಊಟ ಸೇರುತ್ತಿದೆಯಾ ಅಂತ.

ನಿಮ್ಮ ಮಗನೋ ಮಗಳೋ ವಿಶ್ವಾಸ ಬಿಟ್ಟಿದ್ದರೆ, ಮೋನಿಕಾಳಿಗೆ ಒಬ್ಬ ಬಿಷಪ್ ಹೇಳಿದ್ದನ್ನು ನೆನಪಿಡಿ. ಮುಂದೆ ಸಭೆಯ ದೊಡ್ಡ ಬೋಧಕನಾದ ಆಕೆಯ ಮಗ ಅಗಸ್ಟೀನ ಆಗ, ಬೆಳಕು ಮತ್ತು ಕತ್ತಲೆ ಎಂಬ ಎರಡು ಶಕ್ತಿಗಳನ್ನು ನಂಬುವ ಮಾನಿಯ ಮತಕ್ಕೆ ಸೇರಿದ್ದ. ಅವನ ಜೊತೆ ವಾದ ಮಾಡಿ ತಿದ್ದಿ ಅಂತ ಆಕೆ ಅಳುತ್ತಾ ಬೇಡಿದಳು. ಬಿಷಪ್ ಒಪ್ಪಲಿಲ್ಲ. ಅವನನ್ನು ಬಿಟ್ಟುಬಿಡು, ಅವನಿಗಾಗಿ ಪ್ರಾರ್ಥಿಸುತ್ತಿರು, ಓದುತ್ತಾ ಓದುತ್ತಾ ತಾನೇ ತಿಳಿದುಕೊಳ್ಳುತ್ತಾನೆ. ನಾನೂ ಹುಡುಗನಾಗಿದ್ದಾಗ ಅದೇ ಮತದಲ್ಲಿದ್ದೆ ಅಂದ. ಆಕೆ ಬಿಡದೆ ಕಾಡಿದಾಗ ಸ್ವಲ್ಪ ರೇಗಿಯೇ, ಹೋಗು, ಇಷ್ಟು ಕಣ್ಣೀರಿನ ಮಗ ನಾಶವಾಗುವುದು ಸಾಧ್ಯವಿಲ್ಲ ಅಂದನಂತೆ. ಇದನ್ನು ಅಗಸ್ಟೀನನೇ ಬರೆದಿಟ್ಟಿದ್ದಾನೆ. ಅವನ ದೀಕ್ಷಾಸ್ನಾನ ಆದದ್ದು 387ರಲ್ಲಿ. ಮೋನಿಕಾ ಅದೇ ವರ್ಷ ತೀರಿಕೊಂಡಳು. ಬಿಷಪ್ ರೇಗಿದ್ದು ನನಗೆ ಇಷ್ಟ, ಅದರಿಂದ ಇಡೀ ಕಥೆ ನಂಬುವಂತಾಗುತ್ತದೆ.

ಕೊನೆಗೆ, ನಾಳೆಯಿಂದ ಏನು ಮಾಡಲಿ ಅಂತ ಕೇಳುವವರಿಗೆ ಒಂದೇ ಸಲಹೆ. ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಆಗದ ಹೊತ್ತಿಗೆ ಕೀರ್ತನೆಗಳನ್ನು ಗಟ್ಟಿಯಾಗಿ ಓದಿ. ನೂರೈವತ್ತು ಇವೆ, ದಿನಕ್ಕೆ ಐದರಂತೆ ಓದಿದರೆ ತಿಂಗಳಿಗೆ ಒಂದು ಸುತ್ತು. ಹದಿನೆಂಟನೆಯ ದಿನ 88 ಬರುತ್ತದೆ. ಉಳಿದ ದೂರಿನ ಕೀರ್ತನೆಗಳಲ್ಲಿ ಬಹುಪಾಲಿನಲ್ಲಿ ಕೊನೆಗಾದರೂ ಒಂದು ಎಳೆ ಬೆಳಕು ಕಾಣುತ್ತದೆ. ಇದರ ಕೊನೆಯ ಮಾತು ಕತ್ತಲೆ. ಅದನ್ನು ಹಾರಿಸಬೇಡಿ. ಅವತ್ತು ನೀವು ಹುರುಪಿನಲ್ಲಿದ್ದರೂ ಅದನ್ನೇ ಹೇಳಬೇಕಾದ ಸ್ಥಿತಿಯಲ್ಲಿ ಯಾರೋ ಒಬ್ಬರು ಸಭೆಯಲ್ಲಿರುತ್ತಾರೆ, ಅವರ ಹೆಸರು ಹಿಡಿದು ಓದಿ. ಇಪ್ಪತ್ತನಾಲ್ಕನೆಯ ದಿನ ಮಾತ್ರ ಸ್ವಲ್ಪ ಬೇಗ ಏಳಿ: ಅವತ್ತಿನ ಐದರಲ್ಲಿ 119 ಇದೆ, ಅದೊಂದಕ್ಕೇ 176 ವಚನ.